ಪಾಠದ ಉತ್ತರ

ಒಂದೇ ಮನೆಯಲ್ಲಿದ್ದು, ಒಂದೇ ಬಸ್ಸು ಹತ್ತಿ, ಒಂದೇ ಹೋಟೆಲಿನಲ್ಲಿ ಕೆಲಸ ಮಾಡಿಕೊಂಡು ಒಬ್ಬರನ್ನೊಬ್ಬರು ಮಾತಾಡಿಸದೆ ಇರುವುದು ಸುಲಭದ ಕೆಲಸವಲ್ಲ. ಅದಕ್ಕೂ ಒಂದು ಅಚ್ಚುಕಟ್ಟು ಬೇಕು. ಸೂಜಿಯಮ್ಮನಿಗೂ ಅವಳ ಸೊಸೆಗೂ ಅದು ಚೆನ್ನಾಗಿ ಕೈಗೂಡಿತ್ತು. ಸೋಪು ಮುಗಿದರೆ ಸೊಸೆ ಬಚ್ಚಲ ಬಾಗಿಲಲ್ಲಿ ನಿಂತು, "ಇದೂ ಖಾಲಿ" ಎಂದು ಬಕೆಟ್ಟಿಗೆ ಹೇಳುತ್ತಿದ್ದಳು. ಸೂಜಿಯಮ್ಮನನ್ನು ಊಟಕ್ಕೆ ಕರೆಯಬೇಕಾದಾಗ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಬಹಳ ಮುಖ್ಯವಾದದ್ದಿದ್ದರೆ ನಡುವೆ ಮಗನಿದ್ದ. ಅವನು ಇಬ್ಬರ ಮಾತನ್ನೂ ಆ ಕಡೆಯಿಂದ ಈ ಕಡೆಗೆ ಸಾಗಿಸಿ ಸುಸ್ತಾಗಿ ಒಂದು ದಿನ, "ಅಮ್ಮ, ಊರಾಚೆ ಒಂದು ಮನೆ ನೋಡಿದ್ದೀನಿ. ಅವಳಿಗೂ ಹಿಡಿಸಿದೆ. ಮುಂದಿನ ತಿಂಗಳು ಹೋಗ್ತೀವಿ" ಎಂದ.

"ಹೋಗಿ. ಯಾರು ಬೇಡ ಅಂದ್ರು" ಎಂದಳು ಸೂಜಿಯಮ್ಮ. ಅಂದಳೇ ಹೊರತು ಅವತ್ತು ಊಟ ಸೇರಲಿಲ್ಲ.

ಮಗ ಬೇರೆ ಮನೆ ಮಾಡುವುದು ಅವಳಿಗೆ ಅಂಥ ದೊಡ್ಡ ಸಂಗತಿಯಲ್ಲ. ಈ ಕಾಲದಲ್ಲಿ ಯಾರು ಮಾಡುವುದಿಲ್ಲ? ಆದರೆ ಮಾತು ನಿಂತಿರುವಾಗಲೇ ಮನೆ ಬೇರೆಯಾದರೆ ಮತ್ತೆ ಮಾತು ಶುರುವಾಗುವುದಕ್ಕೆ ನೆಪವೇ ಇರುವುದಿಲ್ಲ. ಸೋಪು ಮುಗಿಯುವುದು ಅವರವರ ಮನೆಯಲ್ಲಿ ಬೇರೆ ಬೇರೆಯಾಗಿ. ಆಮೇಲೆ ಈ ಮೌನ ಹೀಗೇ ಗಟ್ಟಿಯಾಗಿಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ತನ್ನ ತಂಗಿಯ ಜೊತೆ ಹಾಗೇ ಆಗಿತ್ತು. ಆ ತಂಗಿ ತೀರಿಕೊಂಡ ಸುದ್ದಿಯನ್ನು ಯಾರೋ ಮೂರನೆಯವರು ತಂದಿದ್ದರು.

ಸೂಜಿಯಮ್ಮನ ಕೆಲಸ ಹೋಟೆಲಿನ ನೆಲಮಾಳಿಗೆಯ ಬಟ್ಟೆಕೋಣೆಯಲ್ಲಿ. ಹರಿದ ಹಾಸುಬಟ್ಟೆ, ಅಂಚು ಬಿಚ್ಚಿದ ಟವೆಲು, ಗುಂಡಿ ಕಳೆದುಕೊಂಡ ಅಂಗಿ, ಎಲ್ಲ ಅವಳ ಮೇಜಿಗೆ ಬರುತ್ತವೆ. ಹೆಸರು ಬಂದದ್ದು ಅದರಿಂದ. ಅವಳ ನಾಲಿಗೆಯಿಂದ ಬಂದದ್ದು ಎನ್ನುವವರೂ ಇದ್ದಾರೆ. ಸೊಸೆಯನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವಳೂ ಅವಳೇ. ಆದ್ದರಿಂದ ಆ ಹುಡುಗಿಗೆ ಹೋಟೆಲಿನಲ್ಲಿ ಸೊಸೆ ಎಂದೇ ಹೆಸರಾಯಿತು. ಮ್ಯಾನೇಜರೂ, "ಮೂರನೇ ಮಹಡಿಗೆ ಸೊಸೆಯನ್ನು ಕಳಿಸಿ" ಎನ್ನುತ್ತಿದ್ದ. ಅವಳ ಕೆಲಸ ಮಹಡಿಗಳ ಮೇಲೆ, ಅತಿಥಿಗಳು ಬಿಟ್ಟುಹೋದ ಹಾಸಿಗೆಗಳನ್ನು ಬಿಚ್ಚಿ ಹೊಸದಾಗಿ ಹಾಸುವುದು.

ಮಾತು ನಿಂತದ್ದಕ್ಕೆ ಕಾರಣ ಒಂದೇ ಒಂದು ವಾಕ್ಯ. ಸೊಸೆಯ ಹೊಟ್ಟೆಯಲ್ಲಿ ನಿಂತದ್ದು ನಾಲ್ಕು ತಿಂಗಳು ತುಂಬುವ ಮೊದಲೇ ಹೋಯಿತು. ಅವಳು ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದಾಗ, ಇತ್ತ ಹೋಟೆಲಿನ ಇಸ್ತ್ರಿ ಕೋಣೆಯಲ್ಲಿ ಚಹಾದ ಹೊತ್ತಿಗೆ ಎಲ್ಲರೂ ಸೂಜಿಯಮ್ಮನನ್ನು ಸುತ್ತುವರಿದು ಯಾಕೆ, ಹೇಗೆ, ಏನಾಯ್ತು ಎಂದು ಕೇಳಿದ್ದರು. ಅವಳು ಹೇಳಿಬಿಟ್ಟಳು: "ಎಷ್ಟು ಬಡ್ಕೊಂಡೆ, ಕೇಳಿದ್ಲಾ? ಮೈಮೇಲೆ ಎಚ್ಚರ ಇದ್ದಿದ್ರೆ ನಿಲ್ತಿತ್ತು." ಇಸ್ತ್ರಿ ಮಾಡುವವನಿಗೆ ರೇಡಿಯೋ ಎಂದು ಹೆಸರು. ಅದನ್ನು ಯಾರೂ ತಮಾಷೆಗೆ ಇಟ್ಟಿರಲಿಲ್ಲ. ಸೊಸೆ ಕೆಲಸಕ್ಕೆ ಮರಳಿದ ದಿನ ಆ ವಾಕ್ಯ ಅವಳಿಗಿಂತ ಮೊದಲೇ ಮೂರನೇ ಮಹಡಿ ತಲುಪಿತ್ತು. ಅವಳು ಜಗಳಕ್ಕೆ ಬರಲಿಲ್ಲ. ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ನಿಂತಳು. ಅಷ್ಟೆ.

ಇಂಗ್ಲಿಷ್ ಬಂದದ್ದು ಇದರ ನಡುವೆ.

ಹೋಟೆಲಿಗೆ ಹೊಸ ಮಾಲೀಕರು ಬಂದಿದ್ದರು. ಅತಿಥಿಗಳ ಕಣ್ಣಿಗೆ ಬೀಳುವವರೆಲ್ಲ, ಬೀಳದವರೂ ಸಹ, ದಿನಬಳಕೆಯ ಇಂಗ್ಲಿಷ್ ಕಲಿಯಬೇಕು ಎಂದು ಅವರ ಅಪ್ಪಣೆ. ಮಧ್ಯಾಹ್ನ ಎರಡು ಪಾಳಿಗಳ ನಡುವೆ, ಕೆಲಸದವರು ಊಟ ಮಾಡುವ ಕೋಣೆಯಲ್ಲಿ ತರಗತಿ. ಕಲಿಸಲು ಬಂದವಳು ಇಪ್ಪತ್ತೈದು ದಾಟದ, ದೊಡ್ಡ ಕನ್ನಡಕದ ಟೀಚರ್. ಅವಳಿಗೆ ಇವರ ಭಾಷೆ ಬರುತ್ತಿರಲಿಲ್ಲ. ಬಂದರೂ ಆಡುವುದಿಲ್ಲ ಎಂದು ರೇಡಿಯೋನ ಅಂದಾಜು.

"ಸೂಜಿಯಮ್ಮ, ಈ ವಯಸ್ಸಲ್ಲಿ ನಿಮಗ್ಯಾಕೆ ಇದು? ಹರಿದ ಟವೆಲ್ಲು ಇಂಗ್ಲಿಷಲ್ಲಿ ಅಳುತ್ತಾ?" ಎಂದ ಅವನು ಮೊದಲ ದಿನ.

"ನಿನಗೆ ಕಲಿಸ್ತಿದ್ದಾರಲ್ಲ ಅದೇ ನನಗೆ ಭಯ. ಇಷ್ಟು ದಿನ ಒಂದೇ ಭಾಷೇಲಿ ಸುದ್ದೀನ ಊರು ಸುತ್ತಿಸ್ತಿದ್ದೆ, ಇನ್ನು ಎರಡರಲ್ಲಿ."

ಎಲ್ಲರೂ ನಕ್ಕರು. ಸೊಸೆ ಕೊನೆಯ ಬೆಂಚಿನಲ್ಲಿ ಪುಸ್ತಕದ ಮೇಲೆ ಕಣ್ಣು ನೆಟ್ಟಿದ್ದಳು.

ಟೀಚರಿನ ಪದ್ಧತಿ ಏನೆಂದರೆ ಪಾಠ ಸ್ವಲ್ಪ, ಮಾತು ಜಾಸ್ತಿ. ಇಬ್ಬಿಬ್ಬರನ್ನು ಜೋಡಿ ಮಾಡಿ ಎದುರುಬದುರು ಕೂರಿಸಿ, ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು. ಜೋಡಿ ಒಮ್ಮೆ ಆದರೆ ಮುಗಿಯುವವರೆಗೂ ಅದೇ ಜೋಡಿ. ಕೊನೆಯ ಪರೀಕ್ಷೆಯೂ ಜೋಡಿಯಾಗಿಯೇ. ಅವಳು ಯಾರಿಗೆ ಯಾರು ಏನಾಗಬೇಕೆಂದು ಕೇಳಲಿಲ್ಲ. ಮುಂದಿನ ಬೆಂಚಿನ ಸೂಜಿಯಮ್ಮನನ್ನು ಬೆರಳಲ್ಲಿ ತೋರಿಸಿದಳು, ಹಿಂದಿನ ಬೆಂಚಿನ ಸೊಸೆಯನ್ನು ತೋರಿಸಿದಳು, ಎರಡು ಬೆರಳನ್ನೂ ಜೋಡಿಸಿ, "ಪಾರ್ಟ್ನರ್ಸ್!" ಎಂದಳು.

ಪಾತ್ರೆ ತೊಳೆಯುವ ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡಳು. ರೇಡಿಯೋ ಕುರ್ಚಿಯನ್ನು ಎತ್ತಿ ಸ್ವಲ್ಪ ಹತ್ತಿರಕ್ಕೆ ಹಾಕಿಕೊಂಡ.

ಸೊಸೆ ಎದ್ದು ಬಂದು ಎದುರು ಕೂತಳು. ಹಲಗೆಯ ಮೇಲೆ ಬರೆದದ್ದನ್ನು ನೋಡಿಕೊಂಡು, ಸೂಜಿಯಮ್ಮನ ಕಿವಿಯ ಪಕ್ಕದ ಗೋಡೆಗೆ ಹೇಳಿದಳು: "ಗುಡ್ ಆಫ್ಟರ್ನೂನ್. ಹೌ ಆರ್ ಯು?"

ತಿಂಗಳುಗಟ್ಟಲೆ ಆದ ಮೇಲೆ ತನ್ನ ಸೊಸೆ ತನ್ನನ್ನು ಹೇಗಿದ್ದೀರಿ ಎಂದು ಕೇಳಿದ್ದು ಹೀಗೆ. ಹೇಗಿದ್ದೀರಿ ಎಂದೋ, ಹೇಗಿದ್ದೀಯ ಎಂದೋ, ಅದೂ ಗೊತ್ತಾಗುವುದಿಲ್ಲ ಆ ಭಾಷೆಯಲ್ಲಿ. ಸೂಜಿಯಮ್ಮ, "ಐ ಆಮ್ ಫೈನ್. ಥ್ಯಾಂಕ್ ಯು" ಎಂದಳು. ಫೈನ್ ಆಗಿರಲಿಲ್ಲ. ಆದರೆ ಪುಸ್ತಕದಲ್ಲಿ ಬೇರೆ ಉತ್ತರ ಇರಲಿಲ್ಲ.

ಹಾಗೆ ಶುರುವಾಯಿತು. ಮನೆಯಲ್ಲಿ ಬಕೆಟ್ಟಿನ ಜೊತೆ ಮಾತು, ಹೋಟೆಲಿನಲ್ಲಿ ಮಧ್ಯಾಹ್ನ ಒಂದು ಗಂಟೆ ಇಂಗ್ಲಿಷ್. ನಿಮ್ಮ ಕೋಣೆ ಯಾವ ಮಹಡಿಯಲ್ಲಿದೆ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ನಿಮಗೆ ಯಾವ ಬಣ್ಣ ಇಷ್ಟ. ಸೊಸೆಗೆ ಹಸಿರು ಇಷ್ಟವೆಂದು ಸೂಜಿಯಮ್ಮನಿಗೆ ಗೊತ್ತಾದದ್ದು ಅಲ್ಲಿ. ಮದುವೆಯ ವರ್ಷದಿಂದ ಅವಳಿಗೆ ಕೆಂಪು ಕೊಡಿಸುತ್ತಾ ಬಂದಿದ್ದಳು. ಸೊಸೆಗೆ ಚಿಕ್ಕಂದಿನಲ್ಲಿ ಈಜು ಬರುತ್ತಿತ್ತು, ಅಪ್ಪ ಬಡಗಿ, ನಾಯಿ ಕಂಡರೆ ಭಯ. ಒಂದೇ ಸೂರಿನಡಿ ಇದ್ದವಳ ಬಗ್ಗೆ ಇದೆಲ್ಲ ಗೊತ್ತಾಗಲು ಒಂದು ಪರಕೀಯ ಭಾಷೆಯ ಪಾಠ ಬೇಕಾಯಿತು. ಇನ್ನೊಂದು ವಿಷಯವನ್ನೂ ಅವಳು ಗಮನಿಸಿದಳು. ಬಂದಷ್ಟು ಇಂಗ್ಲಿಷಿನಲ್ಲಿ ಚುಚ್ಚಿ ಮಾತಾಡಲು ಆಗುತ್ತಿರಲಿಲ್ಲ. ಕೊಂಕು ತೆಗೆಯಲು, ಮೂಗು ಮುರಿಯಲು ಬೇಕಾದ ಪದಗಳು ಇನ್ನೂ ಬಂದಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಬೇಕು, ಇಲ್ಲವೇ ಸುಮ್ಮನಿರಬೇಕು.

ಕುಟುಂಬದ ಪಾಠ ಬಂದ ದಿನ ಟೀಚರ್ ಹಲಗೆಯ ತುಂಬ ಪ್ರಶ್ನೆ ಬರೆದಳು. ಕೇಳುವ ಸರದಿ ಸೂಜಿಯಮ್ಮನದು. ಅಪ್ಪನ ಕೆಲಸ ಕೇಳಿದಳು, ಎಷ್ಟು ಜನ ಅಣ್ಣತಮ್ಮಂದಿರು ಕೇಳಿದಳು. ಮುಂದಿನದನ್ನು ಓದಿ, ಅದನ್ನು ಹಾರಿಸಿ, ಅದರ ಕೆಳಗಿನದಕ್ಕೆ ಹೋದಳು: "ವೇರ್ ಡು ಯು ಲಿವ್?"

ಸೊಸೆ ಹಲಗೆಯ ಕಡೆ ನೋಡಿದಳು. "ಒನ್ ಕ್ವೆಶ್ಚನ್ ಬಿಫೋರ್" ಎಂದಳು. "ಆಸ್ಕ್."

ಸುತ್ತ ಎಲ್ಲ ಜೋಡಿಗಳೂ ಗದ್ದಲವಾಗಿ ಮಾತಾಡುತ್ತಿದ್ದವು. ರೇಡಿಯೋ ತನ್ನ ಜೋಡಿಗೆ ತನಗೆ ಏಳು ಜನ ಅಕ್ಕಂದಿರು ಎಂದು ಸುಳ್ಳು ಹೇಳುತ್ತಿದ್ದ. ಸೂಜಿಯಮ್ಮ ತಗ್ಗಿದ ದನಿಯಲ್ಲಿ, "ಹೌ ಮೆನಿ ಚಿಲ್ಡ್ರನ್ ಡು ಯು ಹ್ಯಾವ್?" ಎಂದು ಕೇಳಿದಳು.

"ನೋ ಚಿಲ್ಡ್ರನ್" ಎಂದಳು ಸೊಸೆ. ಗೋಡೆಗಲ್ಲ, ಈ ಸಲ ನೇರವಾಗಿ ಮುಖ ನೋಡಿ. ಆಮೇಲೆ ಪುಸ್ತಕದ ಪುಟ ತಿರುಗಿಸಿದಳು.

ಆ ದಿನ ಸೂಜಿಯಮ್ಮ ಒಂದೇ ಹಾಸುಬಟ್ಟೆಯ ಅಂಚನ್ನು ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಕೂತಳು. ತಪ್ಪು ತನ್ನದೆಂದು ಅವಳಿಗೆ ಹೊಸದಾಗಿ ಹೊಳೆಯಬೇಕಾಗಿರಲಿಲ್ಲ. ಅದು ಹೇಳಿದ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದುದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂಬುದೇ ತೊಡಕು. ತಪ್ಪಾಯ್ತು ಎಂದು ಅತ್ತೆಯಾದವಳು ಸೊಸೆಯ ಎದುರು ನಿಂತು ಹೇಳುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಆ ಪದ ಬಾಯಿಗೆ ಬರುವ ಮೊದಲೇ ಅದರ ಹಿಂದೆ ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲ ಸಾಲಾಗಿ ಬಂದು ನಿಂತು ಗಂಟಲು ಹಿಡಿಯುತ್ತಿದ್ದರು.

ಅಷ್ಟರಲ್ಲಿ ಕ್ಷಮೆ ಕೇಳುವ, 'ಸಾರಿ' ಎನ್ನುವ ಪಾಠ ಬಂತು.

ಎಂಥ ಹಗುರಾದ ಪದ! ಕಾಲು ತುಳಿದರೆ ಸಾರಿ, ತಡವಾಗಿ ಬಂದರೆ ಸಾರಿ, ಕಾಫಿ ಚೆಲ್ಲಿದರೆ ಸಾರಿ, ಕೇಳಿಸದಿದ್ದರೂ ಸಾರಿ. ಉತ್ತರಗಳೂ ಸಿದ್ಧವಾಗಿದ್ದವು: ಇಟ್ಸ್ ಓಕೆ, ನೋ ಪ್ರಾಬ್ಲಮ್, ಡೋಂಟ್ ವರಿ. ಕೋಣೆಯ ತುಂಬ ಜನ ಒಬ್ಬರಿಗೊಬ್ಬರು ಬೇಕೆಂದೇ ಡಿಕ್ಕಿ ಹೊಡೆದುಕೊಂಡು ಸಾರಿ ಹೇಳಿ ನಗುತ್ತಿದ್ದರು. ಇಷ್ಟು ಸಲೀಸಾದ ದಾರಿ ಇರುವಾಗ ತಾನು ಇಷ್ಟು ದಿನ ಗೋಡೆಗೆ ತಲೆ ಚಚ್ಚಿಕೊಂಡೆನಲ್ಲ ಅನ್ನಿಸಿತು ಸೂಜಿಯಮ್ಮನಿಗೆ. ಮರುದಿನ ಮುಂಬಾಗಿಲ ಕೌಂಟರಿನ ಹುಡುಗಿಯನ್ನು ಹಿಡಿದುಕೊಂಡಳು.

"ನೋಡಮ್ಮ, ನಾನು ಕೆಟ್ಟ ಮಾತು ಹೇಳಿದೆ, ಅದು ನಿಜ ಅಲ್ಲ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

"ಯಾರಿಗೆ ಹೇಳಿದ್ರಿ ಸೂಜಿಯಮ್ಮ?"

"ಅದೆಲ್ಲ ನಿನಗ್ಯಾಕೆ? ಪರೀಕ್ಷೆಗೆ."

ಹುಡುಗಿ ಹೇಳಿಕೊಟ್ಟಳು. ಸೂಜಿಯಮ್ಮ ಅದನ್ನು ಹೊಲಿಗೆ ಯಂತ್ರದ ಸದ್ದಿನ ಒಳಗೆ, ಬಸ್ಸಿನ ಕಿಟಕಿಯ ಪಕ್ಕ, ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಹೇಳಿ ಹೇಳಿ ಗಟ್ಟಿ ಮಾಡಿದಳು. ಮಗ ಬಾಗಿಲ ಹೊರಗಿಂದ, "ಅಮ್ಮ, ಯಾರ ಜೊತೆ?" ಎಂದ. "ನಿನ್ನ ಜೊತೆ ಅಲ್ಲ" ಎಂದಳು.

ಪರೀಕ್ಷೆಯ ದಿನ ಮ್ಯಾನೇಜರೂ ಬಂದು ಕೂತಿದ್ದ. ಸೂಜಿಯಮ್ಮ ಮತ್ತು ಸೊಸೆಯ ಜೋಡಿಗೆ ಬಂದ ವಿಷಯ: ಅತಿಥಿ ದೂರು ಕೊಡುವುದು, ಕೆಲಸದವರು ಕ್ಷಮೆ ಕೇಳುವುದು. ಸೊಸೆ ಅತಿಥಿ. ಅವಳು ಸರಾಗವಾಗಿ ತನ್ನ ಟವೆಲು ಹರಿದಿದೆ, ದೀಪ ಉರಿಯುತ್ತಿಲ್ಲ, ಬೆಳಗ್ಗೆಯಿಂದ ಯಾರೂ ಕೋಣೆಗೆ ಬಂದಿಲ್ಲ ಎಂದಳು. ಸೂಜಿಯಮ್ಮ ಹೊಸ ಟವೆಲು ಕಳಿಸುತ್ತೇನೆ ಎಂದಳು. ದೀಪ ಸರಿಮಾಡಲು ಜನ ಬರುತ್ತಾರೆ ಎಂದಳು. ಅಲ್ಲಿಗೆ ಮುಗಿಸಬಹುದಿತ್ತು. ಟೀಚರ್ ಆಗಲೇ ಮುಂದಿನ ಜೋಡಿಯ ಕಡೆ ತಿರುಗಿದ್ದಳು.

"ಐ ಆಮ್ ಸಾರಿ" ಎಂದಳು ಸೂಜಿಯಮ್ಮ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. "ಐ ಸೆಡ್ ಬ್ಯಾಡ್ ವರ್ಡ್ಸ್. ಇಟ್ ವಾಸ್ ನಾಟ್ ಟ್ರೂ. ಐ ಆಮ್ ವೆರಿ ಸಾರಿ."

ಸೊಸೆ ಅವಳನ್ನೇ ನೋಡಿದಳು. ಆಮೇಲೆ ಸ್ಪಷ್ಟವಾಗಿ, ಒಂದಕ್ಷರವೂ ತಪ್ಪದೆ, "ಇಟ್ಸ್ ಓಕೆ. ನೋ ಪ್ರಾಬ್ಲಮ್" ಎಂದಳು.

"ಎಕ್ಸಲೆಂಟ್!" ಎಂದು ಟೀಚರ್ ಚಪ್ಪಾಳೆ ತಟ್ಟಿದಳು. ಪುಸ್ತಕದಲ್ಲಿ ಇಲ್ಲದ್ದನ್ನು ತಾವಾಗಿ ಸೇರಿಸಿದರಲ್ಲ ಎಂದು ಅವಳಿಗೆ ಖುಷಿ. ಮ್ಯಾನೇಜರೂ ತಟ್ಟಿದ. ರೇಡಿಯೋ ಸಿಳ್ಳೆ ಹಾಕಿದ. ಸೂಜಿಯಮ್ಮನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಷ್ಟು ಸುಲಭ, ಎಲ್ಲರೆದುರು, ಒಂದು ಹನಿ ಕಣ್ಣೀರೂ ಇಲ್ಲದೆ ಮುಗಿದುಹೋಯಿತಲ್ಲ.

ಸಂಜೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅವಳು ತಾನಾಗಿಯೇ ಸೊಸೆಯ ಪಕ್ಕ ಹೋಗಿ ನಿಂತು, "ಬಸ್ಸಿಗೆ ಹೊತ್ತಾಯ್ತು, ಬರ್ತೀಯಾ?" ಎಂದಳು. ತಮ್ಮದೇ ಮಾತಿನಲ್ಲಿ.

ಸೊಸೆ ಕೆಲಸದ ಅಂಗಿಯನ್ನು ಮಡಿಸುತ್ತಿದ್ದಳು. ಮಡಿಸಿ ಮುಗಿಸಿದ ಮೇಲೆ ಬಾಯಿ ತೆರೆದಳು.

"ಅತ್ತೆ, ಅದು ಪಾಠದ ಮಾತು. ನಾನೂ ಪಾಠದ ಉತ್ತರವನ್ನೇ ಕೊಟ್ಟೆ."

"ಪಾಠದ್ದಲ್ಲ ಕಣೇ. ಪುಸ್ತಕದಲ್ಲಿ ಎಲ್ಲಿದೆ ಅದು? ನಾನು ಕೇಳಿ ಕಲಿತು ಹೇಳಿದ್ದು."

"ಗೊತ್ತು."

"ಎಲ್ಲರ ಮುಂದೆ ಹೇಳ್ದೆ. ಇನ್ನೇನು ಮಾಡಬೇಕು ನಾನು?"

"ಎಲ್ಲರೂ ಚಪ್ಪಾಳೆ ಹೊಡೆದ್ರು ಅತ್ತೆ. ಟವೆಲ್ಲು ಹರಿದಿದ್ದಕ್ಕೆ ನೀವು ಸಾರಿ ಕೇಳಿದ್ರಿ ಅಂದ್ಕೊಂಡ್ರು. ನನಗೊಬ್ಬಳಿಗೆ ಅರ್ಥ ಆಯ್ತು. ನನಗೆ ಅರ್ಥ ಆಗಿ ಏನು ಬಂತು? ನಾನು ಎಚ್ಚರ ತಪ್ಪಿದವಳಲ್ಲ ಅನ್ನೋದು ನನಗೆ ಮೊದಲೇ ಗೊತ್ತು." ಸೊಸೆಯ ದನಿ ಏರಲಿಲ್ಲ. "ಇವತ್ತಿಗೂ ಭಾರದ್ದು ಏನಾದ್ರೂ ಎತ್ತೋಕೆ ಹೋದ್ರೆ ಯಾರಾದ್ರೂ ಓಡಿ ಬರ್ತಾರೆ, ಬಿಡಮ್ಮ, ಆಗ್ಲೂ ಹೀಗೇ ಮಾಡ್ಕೊಂಡೆ ಅಂತಾರೆ. ಅವರಿಗೆಲ್ಲ ನೀವು ಹೇಳಿದ್ದು ನಮ್ಮ ಭಾಷೇಲಿ. ಇಸ್ತ್ರಿ ಕೋಣೇಲಿ. ತೆಗೆಯೋದಾದ್ರೆ ಅಲ್ಲೇ ತೆಗೀರಿ. ಆಗಲ್ಲ ಅಂದ್ರೆ ಬೇಡ, ನಾವು ಭಾನುವಾರ ಹೋಗ್ತೀವಿ, ನಿಮಗೂ ನೆಮ್ಮದಿ."

ಅಂಗಿಯನ್ನು ಕಪಾಟಿನಲ್ಲಿಟ್ಟು ಅವಳು ಹೊರಗೆ ಹೋದಳು. ಅಂದೂ ಬಸ್ಸಿನಲ್ಲಿ ಹಿಂದೆಯೇ ನಿಂತಳು.

ಸೂಜಿಯಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಇವಳ ಕಾಲಿಗೆ ಬೀಳುವುದೊಂದು ಬಾಕಿ. ಆ ಸಿಟ್ಟನ್ನೇ ಹೊದ್ದು ಮಲಗಿದಳು, ಅದನ್ನೇ ಉಟ್ಟು ಕೆಲಸಕ್ಕೆ ಬಂದಳು. ಆದರೆ ಕೈ ಸೂಜಿಯ ಮೇಲಿರುವಾಗ ತಲೆ ಸುಮ್ಮನಿರುವುದಿಲ್ಲ. ಆ ದಿನ ಇಸ್ತ್ರಿ ಕೋಣೆಯಲ್ಲಿ ತಾನು ಯಾಕೆ ಹಾಗಂದೆ ಎಂದು ಅವಳು ಮೊದಲ ಸಲ ನೇರವಾಗಿ ನೋಡಿದಳು. ಸೊಸೆಯ ಮೇಲಿನ ಕೋಪಕ್ಕಲ್ಲ. ಅವಳ ಮೇಲೆ ಕೋಪವೇ ಇರಲಿಲ್ಲ. ಎಲ್ಲರೂ ಯಾಕೆ ಯಾಕೆ ಎಂದು ಕೇಳುತ್ತಿದ್ದರು. ಯಾಕೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಸುಮ್ಮನೆ ನಿಲ್ಲುವುದು ಅವಳಿಂದ ಆಗಲಿಲ್ಲ. ಗೊತ್ತಿಲ್ಲ ಎಂದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಅಳುವುದರ ಬದಲು ಒಂದು ಕಾರಣ ಕೊಟ್ಟಳು. ಕೈಗೆ ಸಿಕ್ಕ ಕಾರಣ ಸೊಸೆ.

ಇದನ್ನು ಯಾರಿಗಾದರೂ ಹೇಳುವುದು ಹೇಗೆ? ಇಂಗ್ಲಿಷಿನಲ್ಲಿ ಇದಕ್ಕೆ ಅವಳ ಬಳಿ ಪದಗಳಿರಲಿಲ್ಲ. ತಮ್ಮ ಮಾತಿನಲ್ಲಿ ಎಲ್ಲ ಪದಗಳೂ ಇದ್ದವು. ತಪ್ಪಿಸಿಕೊಳ್ಳಲು ದಾರಿ ಇಲ್ಲದಷ್ಟು ಇದ್ದವು.

ಚಹಾದ ಹೊತ್ತಿಗೆ ಅವಳು ಎದ್ದು ಇಸ್ತ್ರಿ ಕೋಣೆಗೆ ಹೋದಳು. ರೇಡಿಯೋ ಹಬೆ ಇಸ್ತ್ರಿಯನ್ನು ಆರಿಸಿ ಲೋಟ ಹಿಡಿದು ಕೂತಿದ್ದ. ಬಟ್ಟೆ ಒಗೆಯುವ ಇಬ್ಬರು, ಪಾತ್ರೆ ತೊಳೆಯುವವಳು, ಮಹಡಿಗಳಿಂದ ಇಳಿದು ಬಂದ ನಾಲ್ಕಾರು ಹುಡುಗಿಯರು. ಸೊಸೆಯೂ ಇದ್ದಳು, ಬಾಗಿಲಿಗೆ ಬೆನ್ನು ಮಾಡಿ ಟವೆಲುಗಳನ್ನು ಜೋಡಿಸುತ್ತಾ.

"ಬನ್ನಿ ಬನ್ನಿ ಎಕ್ಸಲೆಂಟ್ ಮೇಡಂ" ಎಂದ ರೇಡಿಯೋ. "ಚಹಾ ಕುಡೀತೀರೋ, ಟೀ ಕುಡೀತೀರೋ?"

"ಎರಡೂ ಬೇಡ. ಒಂದು ಮಾತು ಹೇಳೋದಿದೆ. ಎಲ್ಲರೂ ಕೇಳ್ಕೊಳ್ಳಿ."

ಅವಳ ಮುಖ ನೋಡಿ ಅವನು ಲೋಟ ಕೆಳಗಿಟ್ಟ.

"ಇವಳು ಆಸ್ಪತ್ರೆಯಿಂದ ಬಂದಾಗ ನಾನು ಇಲ್ಲಿ ನಿಂತು ಒಂದು ಮಾತು ಹೇಳಿದ್ದೆ. ಮೈಮೇಲೆ ಎಚ್ಚರ ಇರಲಿಲ್ಲ ಅಂತ. ನಿಮಗೆಲ್ಲ ನೆನಪಿರುತ್ತೆ."

ಸೊಸೆಯ ಕೈ ಟವೆಲಿನ ಮೇಲೆ ನಿಂತಿತು.

"ಅದು ಸುಳ್ಳು. ಇವಳು ಡಾಕ್ಟರ್ ಹೇಳಿದ್ದನ್ನೆಲ್ಲ ಮಾಡಿದ್ಲು. ಒಂದು ದಿನ ತಪ್ಪಿಸಲಿಲ್ಲ, ಒಂದು ಬಕೆಟ್ ಎತ್ತಲಿಲ್ಲ, ಕಣ್ಣಾರೆ ನೋಡಿದ್ದೀನಿ. ಆದ್ರೂ ಹೋಯ್ತು. ಯಾಕೆ ಹೋಯ್ತು ಅಂತ ನನಗೆ ಗೊತ್ತಿಲ್ಲ." ಕೆಮ್ಮಿ ದನಿ ಸರಿಮಾಡಿಕೊಂಡಳು. "ನೀವೆಲ್ಲ ಕೇಳಿದ್ರಿ. ಗೊತ್ತಿಲ್ಲ ಅನ್ನೋಕೆ ಬಾಯಿ ಬರಲಿಲ್ಲ, ಇವಳ ತಲೆಗೆ ಕಟ್ಟಿದೆ. ತಪ್ಪು ನಂದು."

ಹಬೆ ಕೊಳವೆ ಎಲ್ಲೋ ಸಣ್ಣಗೆ ಸೀಟಿ ಹಾಕುತ್ತಿತ್ತು. ರೇಡಿಯೋ ನೆಲ ನೋಡುತ್ತಾ, "ನಾನೇನು ಜಾಸ್ತಿ ಜನಕ್ಕೆ ಹೇಳಿಲ್ಲ ಸೂಜಿಯಮ್ಮ" ಎಂದ.

"ಆಗ ಎಷ್ಟು ಜನಕ್ಕೆ ಹೇಳಿದ್ಯೋ ಅಷ್ಟೂ ಜನಕ್ಕೆ ಇದನ್ನೂ ಹೇಳು. ಮೂರನೇ ಮಹಡಿಗೆ ಮೊದಲು."

ಪಾತ್ರೆ ತೊಳೆಯುವವಳು ಮೂಗು ಒರೆಸಿಕೊಂಡಳು. ಸೊಸೆ ತಿರುಗಲಿಲ್ಲ. ಟವೆಲುಗಳ ರಾಶಿಯನ್ನು ಎತ್ತಿಕೊಂಡು, ಅತ್ತೆಯ ಪಕ್ಕದಿಂದಲೇ ಹಾದು ಹೊರಗೆ ಹೋದಳು. ಸೂಜಿಯಮ್ಮ ತನ್ನ ಮೇಜಿಗೆ ಬಂದು ಕೂತಳು. ಸೂಜಿಗೆ ದಾರ ಪೋಣಿಸಲು ನೋಡಿ, ಆಗದೆ ಕೆಳಗಿಟ್ಟಳು. ಹಗುರಾಗುತ್ತದೆ ಎಂದುಕೊಂಡಿದ್ದಳು. ಹಗುರಾಗಲಿಲ್ಲ, ಬೆತ್ತಲಾದಂತಾಯಿತು.

ಸಂಜೆ ಬಸ್ಸಿನಲ್ಲಿ ಸೊಸೆ ಬಂದು ಪಕ್ಕದಲ್ಲಿ ಕೂತಳು. ಎರಡು ನಿಲ್ದಾಣ ದಾಟುವವರೆಗೂ ಕಿಟಕಿಯ ಹೊರಗೆ ನೋಡಿದಳು.

"ನಾವು ಹೋಗೋದು ಹೋಗೋದೇ ಅತ್ತೆ. ಅಡ್ವಾನ್ಸ್ ಕೊಟ್ಟಾಗಿದೆ."

"ಹೋಗಿ. ತಡೆಯೋಕೆ ಅಂತ ಹೇಳಲಿಲ್ಲ ನಾನು."

"ಹೂಂ."

ಇನ್ನೊಂದು ನಿಲ್ದಾಣ ಬಂತು. ಜನ ಹತ್ತಿದರು, ಇಳಿದರು. ಸೊಸೆ ಮಡಿಲಲ್ಲಿದ್ದ ಚೀಲದ ಹಿಡಿಕೆಯನ್ನು ತಿರುಚುತ್ತಾ ಹೇಳತೊಡಗಿದಳು.

"ಅವತ್ತು ಬೆಳಗ್ಗೆ ನಾನು ಇನ್ನೂ ಹಾಸಿಗೆಯಿಂದ ಎದ್ದೇ ಇರಲಿಲ್ಲ. ಮಲಗಿದ್ದ ಹಾಗೇ ಗೊತ್ತಾಯ್ತು ಅತ್ತೆ. ನಿಮ್ಮನ್ನ ಕೂಗೋಣ ಅಂದ್ರೆ ನೀವು ಆಗಲೇ ಕೆಲಸಕ್ಕೆ ಹೋಗಿದ್ರಿ. ಇವರು ಗಾಡಿ ತರ್ತೀನಿ ಅಂತ ಓಡಿದ್ರು. ಅವರು ಬರೋವರೆಗೂ ನಾನು ಒಬ್ಬಳೇ..."

ಸೂಜಿಯಮ್ಮನಿಗೆ ನಡುವೆ ಬಾಯಿ ಹಾಕುವ ಅಭ್ಯಾಸ. ಯಾರ ಮಾತನ್ನೂ ಪೂರ್ತಿ ಕೇಳಿದವಳಲ್ಲ. ಅಯ್ಯೋ ಎನ್ನಬೇಕೆನಿಸಿತು, ಯಾಕೆ ಪಕ್ಕದ ಮನೆಯವರನ್ನು ಕರೆಯಲಿಲ್ಲ ಎಂದು ಕೇಳಬೇಕೆನಿಸಿತು. ತುಟಿ ಬಿಗಿಹಿಡಿದು ಕೂತಳು. ಸೊಸೆ ಹೇಳುತ್ತಲೇ ಇದ್ದಳು. ಆಸ್ಪತ್ರೆಯ ತಣ್ಣನೆಯ ಮಂಚ, ನರ್ಸಿನ ಕೈ, ಯಾರೂ ತನಗೆ ತೋರಿಸದೆ ತೆಗೆದುಕೊಂಡು ಹೋದದ್ದು. ಇಷ್ಟು ದಿನ ಗಂಡನಿಗೂ ಹೇಳಿರದ ಸಂಗತಿಗಳು.

ಇಳಿಯುವ ಜಾಗ ಬಂದಾಗ ಮಾತು ಅರ್ಧದಲ್ಲಿತ್ತು. ಇಬ್ಬರೂ ಇಳಿದರು. ಮನೆಗೆ ಹೋಗುವ ದಾರಿಯಲ್ಲಿ ಸೊಸೆ ಉಳಿದದ್ದನ್ನು ಹೇಳಿದಳು.